ನಾಲ್ಕು ದೆವ್ವ, ನಾಲ್ಕು ಗುಣ

ಕೆಂಪು ದೆವ್ವ ಬೆನ್ನು ಬಿಡುವುದಿಲ್ಲ. ಪ್ಯಾಕ್-ಮ್ಯಾನ್ ಎಲ್ಲಿದ್ದಾನೋ ಅಲ್ಲಿಗೇ ಗುರಿಯಿಟ್ಟು ಬರುತ್ತದೆ. ಗುಲಾಬಿ ದೆವ್ವದ ಲೆಕ್ಕವೇ ಬೇರೆ: ಅವನ ಮುಖ ಯಾವ ಕಡೆಗಿದೆಯೋ ಆ ಕಡೆಗೆ ನಾಲ್ಕು ಮನೆ ಮುಂದಿನ ಜಾಗಕ್ಕೆ ಹೊಂಚು ಹಾಕುತ್ತದೆ. ನೀಲಿಯದು ಪ್ಯಾಕ್-ಮ್ಯಾನ್ ಜೊತೆಗೆ ಕೆಂಪು ದೆವ್ವ ಎಲ್ಲಿದೆ ಎಂಬುದನ್ನೂ ನೋಡಿಕೊಂಡು ದಾರಿ ಹಿಡಿಯುವುದರಿಂದ ಅದರ ನಡೆ ಸುಲಭಕ್ಕೆ ಅಂದಾಜಿಗೆ ಸಿಗುವುದಿಲ್ಲ. ಕಿತ್ತಳೆ ಬಣ್ಣದ್ದು ದೂರದಿಂದ ಭಾರೀ ಧೈರ್ಯದಲ್ಲಿ ಬಂದು, ಎಂಟು ಮನೆಯಷ್ಟು ಹತ್ತಿರವಾದ ಕೂಡಲೇ ಮನಸ್ಸು ಬದಲಿಸಿ ಎಡಗಡೆಯ ಕೆಳಮೂಲೆಯತ್ತ ಹೊರಟುಬಿಡುತ್ತದೆ.

ಓಣಿಗಳಲ್ಲಿ ಚುಕ್ಕಿ ತಿನ್ನುತ್ತಾ ಓಡುವ ಪ್ಯಾಕ್-ಮ್ಯಾನ್‌ನ 1980ರ ಆಟವಿದು. ಪರದೆಯ ಮೇಲಿನ ಶತ್ರುಗಳೆಂದರೆ ಸಾಲಾಗಿ ಇಳಿದು ಬಂದು ಗುಂಡು ತಿಂದು ಸಾಯುವ ಬೊಂಬೆಗಳು ಎಂದಿದ್ದ ಕಾಲದಲ್ಲಿ ಟೋಕಿಯೋದ ನಾಮ್ಕೊ ಕಂಪನಿ ಅವುಗಳಿಗೆ ಒಂದೊಂದು ಸ್ವಭಾವ ಕೊಟ್ಟಿತು. ಇದಕ್ಕೆ ಕಾರಣವನ್ನು ಕಂಪ್ಯೂಟರ್ ವಿದ್ಯೆಯಲ್ಲಿ ಮಾತ್ರ ಹುಡುಕಿದರೆ ಸಿಗುವುದಿಲ್ಲ. ಕಂಪನಿಯ ಬೇರನ್ನು ನೋಡಬೇಕು.

ನಾಮ್ಕೊ ಸ್ಥಾಪಕ ಮಸಾಯ ನಕಮುರ ಓದಿದ್ದು ಹಡಗು ಕಟ್ಟುವ ವಿದ್ಯೆ. ಯುದ್ಧದಲ್ಲಿ ಸೋತ ಜಪಾನಿನಲ್ಲಿ ಆ ಕೆಲಸ ದಕ್ಕುವುದು ಕಷ್ಟವಾಗಿತ್ತು. ತಂದೆಯದು ಕೋವಿ ರಿಪೇರಿ ವ್ಯಾಪಾರ. ನಕಮುರ 1955ರಲ್ಲಿ ಸ್ವಂತ ಕಂಪನಿ ಶುರು ಮಾಡಿ, ಯೊಕೊಹಾಮಾದ ಡಿಪಾರ್ಟ್‌ಮೆಂಟ್ ಸ್ಟೋರ್ ಒಂದರ ತಾರಸಿಯ ಮೇಲೆ ಮಕ್ಕಳು ಕೂತು ತೂಗಾಡುವ ಎರಡು ಕುದುರೆಗಳನ್ನು ಇಟ್ಟರು. ಅಂದಿನ ಜಪಾನಿನಲ್ಲಿ ದೊಡ್ಡ ಅಂಗಡಿಗಳ ತಾರಸಿಯೇ ಮಕ್ಕಳ ಪುಟ್ಟ ಜಾತ್ರೆ. ಕೆಳಗೆ ಅಮ್ಮಂದಿರ ಖರೀದಿ, ಮೇಲೆ ಮಕ್ಕಳ ಸವಾರಿ. ನಾಮ್ಕೊ ಮೊದಲ ಪಾಠ ಕಲಿತದ್ದು ಆ ತಾರಸಿಯಲ್ಲಿ: ನಾಣ್ಯ ಹಾಕಿದ ಮಗು ನಗುತ್ತಾ ಇಳಿದರೆ ಮಾತ್ರ ಮತ್ತೊಂದು ನಾಣ್ಯ ಬೀಳುತ್ತದೆ.

1974ರಲ್ಲಿ ಅಮೆರಿಕದ ಅಟಾರಿ ಕಂಪನಿ ತನ್ನ ಜಪಾನ್ ಶಾಖೆಯನ್ನು ಮಾರಾಟಕ್ಕಿಟ್ಟಾಗ ನಕಮುರ ಅದನ್ನು ಕೊಂಡರು. ವಿಡಿಯೋ ಗೇಮ್ ಬಾಗಿಲು ತೆರೆದದ್ದು ಹಾಗೆ. 1978ರಲ್ಲಿ ಪ್ರತಿಸ್ಪರ್ಧಿ ಟೈಟೊ ಕಂಪನಿಯ ಸ್ಪೇಸ್ ಇನ್ವೇಡರ್ಸ್ ಜಪಾನನ್ನೇ ಹುಚ್ಚೆಬ್ಬಿಸಿತು. ಅದರ ಮೊದಲ ಯಂತ್ರಗಳ ಪರದೆ ಕಪ್ಪು-ಬಿಳುಪು. ಬಣ್ಣ ಬೇಕಾದರೆ ಗಾಜಿಗೆ ಬಣ್ಣದ ಹಾಳೆಯ ಪಟ್ಟಿ ಅಂಟಿಸುತ್ತಿದ್ದರು. ಮರುವರ್ಷ ನಾಮ್ಕೊ ಕೊಟ್ಟ ಉತ್ತರ ಗ್ಯಾಲಕ್ಸಿಯನ್. ಅದರಲ್ಲಿ ಶತ್ರುಗಳಿಗೆ ನಿಜವಾದ ಬಣ್ಣವಿತ್ತು. ಸಾಲು ಬಿಟ್ಟು, ಹದ್ದು ಎರಗುವ ಹಾಗೆ ಬಾಗಿ ಕೆಳಗೆ ನುಗ್ಗುತ್ತಿದ್ದವು.

ಕಂಪನಿ ಹುಟ್ಟಿದ ವರ್ಷವೇ ಹುಟ್ಟಿದ ತೋರು ಇವಾತಾನಿ 1977ರಲ್ಲಿ ಕೆಲಸಕ್ಕೆ ಸೇರಿದವರು. ಪಿನ್‌ಬಾಲ್ ಮಾಡುವ ಆಸೆಯಿತ್ತು, ನಾಮ್ಕೊ ಪಿನ್‌ಬಾಲ್ ಮಾಡುತ್ತಿರಲಿಲ್ಲ. ಆಗಿನ ಗೇಮ್ ಸೆಂಟರುಗಳಲ್ಲಿ ಗಂಡಸರೇ ತುಂಬಿರುತ್ತಿದ್ದರು, ಆಟಗಳೆಲ್ಲ ಹೊಡಿ-ಬಡಿ. ಹೆಣ್ಣುಮಕ್ಕಳು ಒಳಗೆ ಬರುವಂಥ ಆಟ ಬೇಕೆಂದು ಇವಾತಾನಿ ಹಿಡಿದದ್ದು ‘ತಿನ್ನು’ ಎಂಬ ಒಂದು ಕ್ರಿಯಾಪದವನ್ನು. ಕನ್ನಡದಲ್ಲಿ ಗಬಗಬ ಎನ್ನುವ ಹಾಗೆ ಜಪಾನಿ ಭಾಷೆಯಲ್ಲಿ ಬಾಯಿ ತೆರೆದು ಮುಚ್ಚಿ ತಿನ್ನುವುದಕ್ಕೆ ‘ಪಕು ಪಕು’ ಎನ್ನುತ್ತಾರೆ. ಒಂದು ತುಂಡು ತೆಗೆದ ಪಿಜ್ಜಾದ ಆಕಾರ, ಈ ಅನುಕರಣ ಶಬ್ದ, ಎರಡೂ ಸೇರಿ ಹಳದಿ ವೀರ ತಯಾರಾದ. ಜಪಾನಿನಲ್ಲಿ ಅವನು ಪಕ್-ಮ್ಯಾನ್. ಅಮೆರಿಕದಲ್ಲಿ ಯಾರಾದರೂ ‘ಪಿ’ ಅಕ್ಷರವನ್ನು ಕೆರೆದು ‘ಎಫ್’ ಮಾಡಿದರೆ ಬೈಗುಳವಾದೀತೆಂದು ಹೆಸರು ಪ್ಯಾಕ್-ಮ್ಯಾನ್ ಆಯಿತು.

ದೆವ್ವಗಳೆಲ್ಲ ಕೆಂಪಾಗಿಯೇ ಇರಲಿ ಎಂದು ನಕಮುರ ಹೇಳಿದ್ದರಂತೆ. ಇವಾತಾನಿ ಒಪ್ಪದೆ ಸಹೋದ್ಯೋಗಿಗಳ ಅಭಿಪ್ರಾಯ ಕೇಳಿದರು. ಒಂದೇ ಬಣ್ಣದ ಪರ ಒಬ್ಬರೂ ನಿಲ್ಲಲಿಲ್ಲ. ಆ ದಿನ ಯಜಮಾನರ ಮಾತು ನಡೆದಿದ್ದರೆ ಆಟದ ಜೀವವೇ ಹೋಗುತ್ತಿತ್ತು. ಬಣ್ಣ ಗೊತ್ತಾದರೆ ಗುಣ ಗೊತ್ತಾಗುತ್ತದೆ, ಗುಣ ಗೊತ್ತಾದರೆ ತಪ್ಪಿಸಿಕೊಳ್ಳುವ ಉಪಾಯ ಹೊಳೆಯುತ್ತದೆ. ನಾಲ್ಕೂ ದೆವ್ವಗಳು ಬಿಡದೆ ಅಟ್ಟಿದರೆ ಆಡುವವರು ದಣಿಯುತ್ತಾರೆ ಎಂದು ಇವಾತಾನಿ ನಡುನಡುವೆ ಬಿಡುವನ್ನೂ ಇಟ್ಟರು. ಮೊದಲ ಹಂತದಲ್ಲಿ 7 ಸೆಕೆಂಡು ತಂತಮ್ಮ ಮೂಲೆಯ ಕಡೆ ಸುತ್ತಾಟ, 20 ಸೆಕೆಂಡು ಬೇಟೆ, ಮತ್ತೆ ಸುತ್ತಾಟ. ಇನ್ನೂ ಹತ್ತಿರದಿಂದ ನೋಡಿದರೆ ಮತ್ತೊಂದು ಸೂಕ್ಷ್ಮ ಕಾಣುತ್ತದೆ: ಚುಕ್ಕಿ ತಿನ್ನುವಾಗ ಪ್ಯಾಕ್-ಮ್ಯಾನ್ ಒಂದು ಕ್ಷಣ ತಡೆಯುತ್ತಾನೆ, ತಿರುವಿನಲ್ಲಿ ಮಾತ್ರ ದೆವ್ವಗಳಿಗಿಂತ ಚುರುಕು. ಆಸೆಪಟ್ಟು ತಿನ್ನುತ್ತಾ ಹೋದವನು ಸಿಕ್ಕಿಬೀಳುತ್ತಾನೆ, ಖಾಲಿ ಓಣಿಯಲ್ಲಿ ಮೂಲೆ ತಿರುಗಿದವನು ಉಳಿಯುತ್ತಾನೆ. ಹಂತದ ಲೆಕ್ಕವನ್ನು 255ರವರೆಗೆ ಮಾತ್ರ ಇಡಬಲ್ಲ ಯಂತ್ರವಾದ್ದರಿಂದ, 256ನೇ ಹಂತದಲ್ಲಿ ಪರದೆಯ ಬಲ ಅರ್ಧ ಅಕ್ಷರ-ಅಂಕಿಗಳ ಕಲಸುಮೇಲೋಗರವಾಗಿ ಆಟ ಅಲ್ಲಿಗೇ ಕೊನೆ.

ಹೆಸರು ಪ್ಯಾಕ್-ಮ್ಯಾನ್‌ದು ದೊಡ್ಡದು. ಆದರೂ ಎದೆ ಹೊಡೆದುಕೊಳ್ಳುವ ಆಟ ಯಾವುದೆಂದರೆ ಗ್ಯಾಲಗಾ. 1981ರಲ್ಲಿ ಶಿಗೇರು ಯೊಕೊಯಾಮ ರೂಪಿಸಿದ್ದು. ಮೇಲಿನ ಸಾಲಿನ ಮುಖಂಡ ಕೀಟ ಕೆಳಗಿಳಿದು ಬೆಳಕಿನ ಬಲೆ ಬೀಸುತ್ತದೆ. ಸಿಕ್ಕಿದರೆ ಆಡುವವರ ವಿಮಾನವನ್ನು ಎಳೆದೊಯ್ದು ಸೆರೆ ಇಡುತ್ತದೆ. ಆಮೇಲೆ ಬರುವ ಎರಡನೇ ವಿಮಾನ ಆ ಮುಖಂಡನನ್ನು, ಅದು ದಾಳಿಗೆ ಇಳಿದ ಹೊತ್ತಿನಲ್ಲಿ, ಗುರಿ ತಪ್ಪದೆ ಹೊಡೆಯಬೇಕು. ಗುಂಡು ಸ್ವಲ್ಪ ಆಚೀಚೆಯಾದರೆ ಸೆರೆಯಾದ ಸ್ವಂತ ವಿಮಾನವೇ ಸಿಡಿದುಹೋಗುತ್ತದೆ. ಗುರಿ ಸರಿಬಿದ್ದರೆ ಬಿಡುಗಡೆಯಾದದ್ದು ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಈಗ ಜೋಡಿ ವಿಮಾನ, ಜೋಡಿ ಗುಂಡು. ಆದರೆ ಮೈಯೂ ಎರಡರಷ್ಟು ಅಗಲವಾದ್ದರಿಂದ ಏಟು ತಿನ್ನುವ ಅಪಾಯವೂ ಹೆಚ್ಚು. ಒಂದು ಪ್ರಾಣವನ್ನು ಬೇಕೆಂದೇ ಒತ್ತೆಯಿಟ್ಟು ಜೂಜಿಗೆ ಇಳಿಯುವ ಈ ಗಳಿಗೆಗೆ ಸಾಟಿಯಾದದ್ದು ಆ ಕಾಲದ ಶೂಟಿಂಗ್ ಆಟಗಳಲ್ಲಿ ಇನ್ನೊಂದಿಲ್ಲ.

ಮುಂದಿನದೆಲ್ಲ ಸುಗ್ಗಿಯ ವರ್ಷಗಳು. 1982ರ ಪೋಲ್ ಪೊಸಿಷನ್ ಫ್ಯೂಜಿ ಪರ್ವತದ ಬಳಿಯ ಅಸಲಿ ರೇಸ್ ಟ್ರ್ಯಾಕನ್ನು ಪರದೆಗೆ ತಂದಿತು. ಅದೇ ವರ್ಷದ ಡಿಗ್ ಡಗ್‌ನಲ್ಲಿ ನೆಲ ಕೊರೆಯುವ ಹುಡುಗ ನಡೆದರೆ ಮಾತ್ರ ಸಂಗೀತ, ನಿಂತರೆ ಮೌನ. ಹೆಜ್ಜೆ ಸಪ್ಪಳ ಮಾಡಿಕೊಡಿ ಎಂದು ಕೇಳಿದ್ದಕ್ಕೆ ಸಂಗೀತಗಾರ್ತಿ ಯುರಿಕೊ ಕೇನೊ ಒಂದು ರಾಗವನ್ನೇ ಹೊಸೆದುಕೊಟ್ಟಿದ್ದರು. ಮಸನೊಬು ಎಂಡೊ ಅವರ ಜೆವಿಯಸ್‌ನಲ್ಲಿ ಬಾಂಬು ಬಿದ್ದಾಗಷ್ಟೇ ನೆಲದಿಂದ ಮೇಲೇಳುವ ಗುಪ್ತ ಗೋಪುರಗಳಿದ್ದವು. 1984ರಲ್ಲಿ ಹರುಓಮಿ ಹೊಸೊನೊ ಎಂಬ ಹೆಸರಾಂತ ಸಂಗೀತಗಾರ ನಾಮ್ಕೊ ಆಟಗಳ ಸಂಗೀತವನ್ನೇ ಸೇರಿಸಿ ಒಂದು ಎಲ್‌ಪಿ ಹೊರತಂದರು.

ಇವೆಲ್ಲ ಕನ್ನಡದ ಓದುಗರಿಗೆ ದೂರದ ಸುದ್ದಿ ಅನ್ನಿಸಬಹುದು. ಆದರೆ 1990ರ ದಶಕದಲ್ಲಿ ಬೇಸಿಗೆ ರಜೆಯಲ್ಲಿ ಟಿವಿಗೆ ವೈರ್ ಸಿಕ್ಕಿಸಿ, ನೂರಾರು ಆಟಗಳಿವೆ ಎಂದು ಬರೆದಿದ್ದ ವಿಡಿಯೋ ಗೇಮ್ ಕ್ಯಾಸೆಟ್ ಹಾಕಿ ಕೂತವರು ನೆನಪು ಮಾಡಿಕೊಳ್ಳಲಿ. ಗ್ಯಾಲಕ್ಸಿಯನ್ ಅದರಲ್ಲಿತ್ತು, ಇಲಿ ಪೊಲೀಸಿನ ಮ್ಯಾಪಿ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ‘ಟ್ಯಾಂಕ್ ಗೇಮ್’ ಇತ್ತು: ಇಟ್ಟಿಗೆ ಗೋಡೆಯ ನಡುವೆ ಹದ್ದು, ಅದನ್ನು ಕಾಯುವ ಎರಡು ಟ್ಯಾಂಕು. ತಮ್ಮನ ಗುಂಡು ಅಣ್ಣನ ಟ್ಯಾಂಕಿಗೆ ತಗುಲಿದರೆ ಅದು ಕೆಲವು ಕ್ಷಣ ಅಲ್ಲಾಡದೆ ನಿಲ್ಲುತ್ತಿತ್ತು, ಮನೆಯಲ್ಲಿ ಜಗಳ ಶುರುವಾಗುತ್ತಿತ್ತು. ನಕಲಿ ಕ್ಯಾಸೆಟ್‌ಗಳಲ್ಲಿ ಎಷ್ಟೋ ಸಲ ತಯಾರಕರ ಹೆಸರನ್ನೇ ಅಳಿಸಿರುತ್ತಿದ್ದರು. ಆ ಆಟದ ನಿಜವಾದ ಹೆಸರು ಬ್ಯಾಟಲ್ ಸಿಟಿ. 1980ರ ತನ್ನದೇ ಆರ್ಕೇಡ್ ಆಟ ಟ್ಯಾಂಕ್ ಬೆಟಾಲಿಯನ್ ಅನ್ನು ಬೆಳೆಸಿ, 1985ರಲ್ಲಿ ಅದನ್ನು ಮನೆಯ ಟಿವಿಗೆ ತಂದದ್ದು ತಾರಸಿಯ ಕುದುರೆಗಳ ಅದೇ ನಾಮ್ಕೊ.