ವಿಹಾರನೌಕೆಯ ಒಡೆತನವೂ ಆರೈಕೆಯೂ: ಇಂಗ್ಲೆಂಡಿನ ಚರಿತ್ರೆಯಿಂದ ಒಂದು ಪರಿಶೀಲನೆ

ವಿಹಾರಕ್ಕೆಂದು ನೌಕೆ ಇಟ್ಟುಕೊಳ್ಳುವ ರೂಢಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅರಸರ, ಪಂದ್ಯಗಳ, ಬಹುಮಾನದ ಬಟ್ಟಲುಗಳ ಜಾಡನ್ನೇ ಹಿಡಿದು ಹೋಗಿದ್ದಾರೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ನೌಕೆಯೆಂಬುದು ಕುದುರೆಯಂತೆ. ಏರಿದಾಗ ಮಾತ್ರವಲ್ಲ, ಲಾಯದಲ್ಲಿ ನಿಂತಾಗಲೂ ಅದು ಮೇವು ಬೇಡುತ್ತದೆ. ಅದರ ತಳವನ್ನು ಕೆರೆದವರು ಯಾರು, ಹಾಯಿಯನ್ನು ಒಣಗಿಸಿದವರು ಯಾರು, ಚಳಿಗಾಲದಲ್ಲಿ ಅದನ್ನು ಕಾದವರು ಯಾರು ಎಂಬ ಪ್ರಶ್ನೆಗಳನ್ನು ಕೇಳಿದರೆ, ಒಡೆಯನೆಂದು ದಾಖಲೆಯಲ್ಲಿ ಹೆಸರಿರುವವನ ಜೊತೆಗೆ ದಾಖಲೆಯಲ್ಲಿಲ್ಲದ ಅನೇಕರು ಕಣ್ಣಿಗೆ ಬೀಳುತ್ತಾರೆ. ಇಂಗ್ಲೆಂಡಿನಲ್ಲಿ ಈ ವಿನೋದವು ಸಿರಿವಂತರಿಂದ ಸಾಮಾನ್ಯರಿಗೆ ಇಳಿದು ಬಂದುದಕ್ಕೆ ನೌಕೆಯ ಬೆಲೆ ತಗ್ಗಿದುದಕ್ಕಿಂತಲೂ ಅದರ ಆರೈಕೆಯ ರೀತಿ ಬದಲಾದುದೇ ಮುಖ್ಯ ಕಾರಣವೆಂಬುದು ನಮ್ಮ ಅಭಿಪ್ರಾಯ.

ಮರದ ನೌಕೆಯ ಆರೈಕೆ ಎಂತಹದೆಂಬುದನ್ನು ಮೊದಲು ತಿಳಿಯಬೇಕು. ಹಲಗೆಗಳ ನಡುವಣ ಸಂದಿಗೆ ಹತ್ತಿಯ ಎಳೆಯನ್ನೋ ಹಳೆಯ ಹಗ್ಗವನ್ನು ಬಿಡಿಸಿ ತೆಗೆದ ನಾರನ್ನೋ ಮೊಂಡು ಉಳಿಯಿಂದ ಬಡಿದು ತುಂಬಿ, ಮೇಲೆ ರಾಳವನ್ನು ಎರೆಯಬೇಕು. ನೀರಿನಲ್ಲಿರುವ ತಳಕ್ಕೆ ಪಾಚಿಯೂ ಚಿಪ್ಪಿನ ಜೀವಿಗಳೂ ಅಂಟಿಕೊಂಡು ನೌಕೆಯ ವೇಗವನ್ನು ತಗ್ಗಿಸುತ್ತವೆ. ಅವನ್ನು ಕೆರೆದು ತೆಗೆಯಬೇಕು. ಹಡಗುಹುಳುವೆಂಬ ಮೃದ್ವಂಗಿಯು ಹೊರಗೆ ಸೂಜಿಯ ಮೊನೆಯಷ್ಟು ರಂಧ್ರವನ್ನು ಮಾತ್ರ ತೋರಿಸುತ್ತ ಒಳಗೆ ಹಲಗೆಯನ್ನೆಲ್ಲ ಜೇನುಹುಟ್ಟಿನಂತೆ ಕೊರೆದುಬಿಡುತ್ತದೆ. ಅದನ್ನು ತಡೆಯಲು ಇಂಗ್ಲಿಷ್ ನೌಕಾಪಡೆಯು 1761ರಲ್ಲಿ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿತು. ಹುಳುವೇನೋ ದೂರವಾಯಿತು, ಆದರೆ ಉಪ್ಪುನೀರಿನಲ್ಲಿ ತಾಮ್ರಕ್ಕೆ ತಾಗಿದ ಕಬ್ಬಿಣದ ಮೊಳೆಗಳು ಸವೆದುಹೋದವು. ಒಂದು ರೋಗಕ್ಕೆ ಕೊಟ್ಟ ಮದ್ದು ಇನ್ನೊಂದು ರೋಗವನ್ನು ತಂದಿತು. ಇನ್ನೊಂದು ಸಂಗತಿ ನೆಲದ ಮೇಲಿನವರಿಗೆ ವಿಚಿತ್ರವಾಗಿ ತೋರಬಹುದು: ಮರದ ನೌಕೆಯನ್ನು ಕೊಳೆಸುವುದು ಕಡಲಿನ ಉಪ್ಪುನೀರಲ್ಲ, ಮೇಲಿನಿಂದ ಸೋರುವ ಮಳೆಯ ಸಿಹಿನೀರು. ಆದುದರಿಂದ ಗಾಳಿಯಾಡದೆ ಮುಚ್ಚಿಟ್ಟ ನೌಕೆಯು ಕಡಲಿನಲ್ಲಿ ದುಡಿಯುತ್ತಿರುವ ನೌಕೆಗಿಂತ ಬೇಗನೆ ಹಾಳಾಗುತ್ತದೆ.

ನಮ್ಮ ಕರಾವಳಿಯ ಜನಕ್ಕೆ ಇದು ಹೊಸ ವಿದ್ಯೆಯಲ್ಲ. ಸರಕು ಸಾಗಿಸುತ್ತಿದ್ದ ಮಂಜಿಗಳನ್ನು ಮುಂಗಾರು ಹಿಡಿಯುವ ಮೊದಲೇ ದಡಕ್ಕೆ ಎಳೆದು, ಮಡಲು ಹೊದಿಸಿ, ಮಳೆಗಾಲ ಕಳೆದ ಮೇಲೆ ಎಣ್ಣೆ ಬಳಿದು ಮತ್ತೆ ನೀರಿಗಿಳಿಸುವ ಕ್ರಮ ಅಲ್ಲಿ ಬಹುಕಾಲ ನಡೆದುಬಂದುದು. ಇಂಗ್ಲೆಂಡಿನಲ್ಲಿ ಋತು ಮಾತ್ರ ಬೇರೆ. ಅಲ್ಲಿ ವಿಹಾರನೌಕೆಯು ಶರತ್ಕಾಲದಲ್ಲಿ ದಡ ಸೇರಿ ವಸಂತದಲ್ಲಿ ನೀರಿಗಿಳಿಯುತ್ತದೆ. ಮುಂಬಯಿಯಲ್ಲಿ 1846ರಲ್ಲಿಯೂ ಮದರಾಸಿನಲ್ಲಿ 1911ರಲ್ಲಿಯೂ ಇಂಗ್ಲಿಷರು ಯಾಟ್ ಕ್ಲಬ್ಬುಗಳನ್ನು ಸ್ಥಾಪಿಸಿದಾಗ, ಮುಂಬಯಿಯವರು ತಮ್ಮ ದೇಶದ ಪಂಚಾಂಗವನ್ನು ಬಿಟ್ಟು ನಮ್ಮ ಮಂಜಿಯವರ ಪಂಚಾಂಗವನ್ನೇ ಹಿಡಿಯಬೇಕಾಯಿತು.

ಈಗ ಮೂಲ ವಿಷಯಕ್ಕೆ ಬರೋಣ. 'ಯಾಟ್' ಎಂಬುದು ಬೇಟೆ ಎಂಬ ಅರ್ಥದ ಡಚ್ ಶಬ್ದದಿಂದ ಬಂದುದು. ಮೊದಲಿಗೆ ಅದು ಹಗುರವಾಗಿ ವೇಗವಾಗಿ ಓಡುವ ಹಡಗಿನ ಹೆಸರು. ದೇಶಭ್ರಷ್ಟನಾಗಿದ್ದ ಎರಡನೆಯ ಚಾರ್ಲ್ಸನು 1660ರಲ್ಲಿ ಸಿಂಹಾಸನಕ್ಕೆ ಮರಳಿದಾಗ ಆಮ್‌ಸ್ಟರ್‌ಡ್ಯಾಂ ನಗರದವರು ಅವನಿಗೆ 'ಮೇರಿ' ಎಂಬ ಯಾಟನ್ನು ಕಾಣಿಕೆಯಾಗಿ ಕೊಟ್ಟರು. ಮರುವರ್ಷದ ಅಕ್ಟೋಬರಿನಲ್ಲಿ ಅರಸನೂ ಅವನ ತಮ್ಮ ಜೇಮ್ಸನೂ 100 ಪೌಂಡುಗಳ ಪಣವಿಟ್ಟು ಗ್ರೀನಿಚ್‌ನಿಂದ ಗ್ರೇವ್ಸೆಂಡಿಗೆ ಹೋಗಿ ಬರುವ ಪಂದ್ಯವನ್ನು ನಡೆಸಿದರು. ಹೋಗುವಾಗ ಅರಸನು ಸೋತನು, ಬರುವಾಗ ಗೆದ್ದನು. ನಡುನಡುವೆ ತಾನೇ ಚುಕ್ಕಾಣಿ ಹಿಡಿದನೆಂದು ಜೊತೆಯಲ್ಲಿದ್ದ ಜಾನ್ ಈವ್ಲಿನನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಚುಕ್ಕಾಣಿ ಹಿಡಿದ ಕೈಯ ಸುದ್ದಿ ಹೀಗೆ ಉಳಿದುಬಂದಿತು. ಆದರೆ ಅರಸನ ಯಾಟುಗಳ ಆರೈಕೆಯೆಲ್ಲ ನೌಕಾಪಡೆಯ ಖರ್ಚಿನಲ್ಲಿ, ನೌಕಾಪಡೆಯ ಆಳುಗಳಿಂದ ನಡೆಯುತ್ತಿತ್ತು. 'ಮೇರಿ'ಯೂ ಬೇಗನೆ ನೌಕಾಪಡೆಯ ಕೆಲಸಕ್ಕೆ ಸೇರಿ 1675ರಲ್ಲಿ ಆಂಗ್ಲಸಿ ದ್ವೀಪದ ಬಳಿ ಬಂಡೆಗೆ ಬಡಿದು ಒಡೆಯಿತು.

ಮುಂದಿನ ಒಂದೂವರೆ ಶತಮಾನವನ್ನು ಬೇಗನೆ ದಾಟಬಹುದು. ಐರ್ಲೆಂಡಿನ ಕಾರ್ಕ್‌ನಲ್ಲಿ 1720ರಲ್ಲಿ ಒಂದು ಸಂಘ, ಥೇಮ್ಸ್ ನದಿಯಲ್ಲಿ 1775ರಲ್ಲಿ ಇನ್ನೊಂದು ಹುಟ್ಟಿದುವು. 1815ರಲ್ಲಿ ಲಂಡನ್ನಿನಲ್ಲಿ ಸೇರಿದ ಸಿರಿವಂತರು ಸ್ಥಾಪಿಸಿದ 'ಯಾಟ್ ಕ್ಲಬ್ಬು' ತನ್ನ ಸದಸ್ಯತ್ವಕ್ಕೆ ಇಟ್ಟ ನಿಯಮವನ್ನು ಮಾತ್ರ ಗಮನಿಸಬೇಕು: ಸದಸ್ಯನಾಗುವವನಿಗೆ ಕನಿಷ್ಠ 10 ಟನ್ನಿನ ನೌಕೆಯೊಂದು ಸ್ವಂತವಾಗಿರಬೇಕು. ನೌಕೆ ನಡೆಸುವ ವಿದ್ಯೆ ಬರಬೇಕೆಂದು ನಿಯಮವಿರಲಿಲ್ಲ. ಒಡೆತನವೇ ಯೋಗ್ಯತೆಯಾಗಿದ್ದಿತು.

ವಿದ್ಯೆ ಇದ್ದುದು ಬೇರೆಯವರಲ್ಲಿ. ಎಸೆಕ್ಸ್ ಪ್ರಾಂತದ ಕೋಲ್ನ್ ನದಿಯ ದಡದ ವಿವೆನ್ಹೋ, ರೋಹೆಜ್, ಬ್ರೈಟ್ಲಿಂಗ್‌ಸೀ ಮುಂತಾದ ಊರುಗಳ ಬೆಸ್ತರು ಚಳಿಗಾಲದಲ್ಲಿ ಮೀನನ್ನೂ ಸಿಂಪಿಯನ್ನೂ ಹಿಡಿದು, ಬೇಸಗೆಯಲ್ಲಿ ಸಿರಿವಂತರ ಯಾಟುಗಳಲ್ಲಿ ಕೂಲಿಯಾಳುಗಳಾಗಿ ದುಡಿಯುತ್ತಿದ್ದರು. ಹಾಯಿ ಕಟ್ಟುವುದು, ಹಲಗೆ ತಿಕ್ಕುವುದು, ಹಿತ್ತಾಳೆ ಬೆಳಗುವುದು, ಬಿರುಗಾಳಿಯಲ್ಲಿ ನೌಕೆಯನ್ನು ಉಳಿಸುವುದು ಎಲ್ಲವೂ ಅವರ ಪಾಲಿಗಿದ್ದ ಕೆಲಸ. ಎಷ್ಟೋ ಒಡೆಯರು ತಮ್ಮ ನೌಕೆಯಲ್ಲಿ ತಾವೇ ಅತಿಥಿಗಳಾಗಿದ್ದರೆಂದರೆ ಅತಿಶಯೋಕ್ತಿಯಾಗದು.

ಈ ಏರ್ಪಾಡಿನ ವಿರುದ್ಧ ಮೊದಲು ಸಿಡಿದವರಲ್ಲಿ ರಿಚರ್ಡ್ ಮೆಕ್‌ಮಲನ್ ಎಂಬ ಲಂಡನ್ನಿನ ಷೇರು ದಲ್ಲಾಳಿಯು ಒಬ್ಬನು. ಅವನು 1850ರಲ್ಲಿ 20 ಅಡಿಯ 'ಲಿಯೋ' ಎಂಬ ಚಿಕ್ಕ ನೌಕೆಯಿಂದ ಆರಂಭಿಸಿ ಕ್ರಮೇಣ ದೊಡ್ಡ ನೌಕೆಗಳಿಗೆ ಏರಿದನು. ತನ್ನ ಯಾನಗಳ ವೃತ್ತಾಂತವನ್ನು 1869ರಲ್ಲಿ ಪ್ರಕಟಿಸಿದನು. 1877ರಲ್ಲಿ ಫ್ರಾನ್ಸಿನ ಶೆರ್ಬೂರ್ ಬಂದರಿನಲ್ಲಿ ಕೂಲಿಯಾಳುಗಳಿಬ್ಬರ ಮೇಲೆ ಸಿಟ್ಟಾಗಿ, ಅವರನ್ನು ಕೆಲಸದಿಂದ ಬಿಡಿಸಿ, 42 ಅಡಿ ಉದ್ದದ, ಸುಮಾರು 19 ಟನ್ನಿನ 'ಒರಾಯನ್' ನೌಕೆಯನ್ನು ಒಬ್ಬನೇ ನಡೆಸಿಕೊಂಡು ಇಂಗ್ಲೆಂಡಿಗೆ ಮರಳಿದನು. ವಿಹಾರಯಾನದ ಗ್ರಂಥಗಳೆಲ್ಲ ಇದನ್ನು ಸಾಹಸವೆಂದು ಹೊಗಳುತ್ತವೆ, ಸಾಹಸವೇ ಹೌದು. ಆದರೆ ಆಳುಗಳು ಸೋಮಾರಿಗಳೆಂಬುದಕ್ಕೆ ನಮಗೆ ದೊರೆಯುವ ಸಾಕ್ಷ್ಯ ಒಡೆಯನ ಬರೆಹ ಮಾತ್ರ. ಚರಿತ್ರೆಯ ವಿದ್ಯಾರ್ಥಿಯು ಇಲ್ಲಿ ತುಸು ನಿಂತು ಯೋಚಿಸಬೇಕು. ಒಡೆಯನು ಸ್ವತಂತ್ರನಾದ ಆ ದಿನವೇ ಇಬ್ಬರ ಬೇಸಗೆಯ ಕೂಲಿ ನಿಂತಿತು. ಮೆಕ್‌ಮಲನ್ 1891ರಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಒಬ್ಬನೇ ಯಾನಮಾಡುತ್ತಿದ್ದಾಗ ಹೃದಯ ನಿಂತು ಸತ್ತನು. ಫ್ರೆಂಚ್ ಬೆಸ್ತರು ನೌಕೆಯಲ್ಲಿ ಅವನ ದೇಹವನ್ನು ಕಂಡರು.

ಅವನ ಕಾಲದಲ್ಲಿಯೇ ಬೇರೆಯವರೂ ಈ ದಾರಿ ಹಿಡಿದಿದ್ದರು. ನ್ಯಾಯವಾದಿ ಜಾನ್ ಮೆಕ್‌ಗ್ರೆಗರನು 1865ರಲ್ಲಿ 'ರಾಬ್ ರಾಯ್' ಎಂಬ ಪುಟ್ಟ ದೋಣಿಯಲ್ಲಿ ಯುರೋಪಿನ ನದಿಗಳಲ್ಲಿ ತಿರುಗಾಡಿ ಬರೆದ ಪುಸ್ತಕವು ಬಹಳ ಜನರನ್ನು ಸೆಳೆಯಿತು. 1872ರಲ್ಲಿ ಥೇಮ್ಸ್ ದಡದ ಎರಿತ್‌ನಲ್ಲಿ ಹುಟ್ಟಿದ ಕೊರಿಂಥಿಯನ್ ಕ್ಲಬ್ಬು ಕೂಲಿಯಾಳುಗಳನ್ನು ನೆಚ್ಚದೆ ತಾವೇ ನೌಕೆ ನಡೆಸುವವರ ಸಂಘವಾಯಿತು. ಡಿಕ್ಸನ್ ಕೆಂಪ್ 1878ರಲ್ಲಿ ಹೊರತಂದ ಕೈಪಿಡಿ, ಕಣ್ಣಿನ ವೈದ್ಯನಾಗಿದ್ದ ಕ್ಲಾಡ್ ವರ್ತ್ 1910ರಲ್ಲಿ ಪ್ರಕಟಿಸಿದ ಗ್ರಂಥ ಇಂತಹವು ಬೆಸ್ತರ ಬಾಯಲ್ಲಿಯೂ ಕೈಯಲ್ಲಿಯೂ ಇದ್ದ ವಿದ್ಯೆಯನ್ನು ಅಚ್ಚಿಗೆ ತಂದುವು. ಇದನ್ನು ನಾವು ಬಹಳ ದೊಡ್ಡ ಬದಲಾವಣೆಯೆಂದು ಎಣಿಸುತ್ತೇವೆ. ಕಚೇರಿಯಲ್ಲಿ ವಾರವೆಲ್ಲ ಕುಳಿತು ಬರೆಯುವವನು ಶನಿವಾರ ಮಧ್ಯಾಹ್ನ ಪುಸ್ತಕ ನೋಡಿ ಹಗ್ಗ ಹೆಣೆಯಲು ಕಲಿತನು. ಉಬ್ಬರದಲ್ಲಿ ನೌಕೆಯನ್ನು ದಡಕ್ಕೆ ತಂದು ನಿಲ್ಲಿಸಿ, ಇಳಿತದಲ್ಲಿ ನೀರು ಸರಿದಾಗ ಮೊಣಕಾಲುದ್ದ ಕೆಸರಿನಲ್ಲಿ ನಿಂತು ತಳ ಕೆರೆದು, ಮತ್ತೆ ಉಬ್ಬರ ಬರುವುದರೊಳಗೆ ಬಣ್ಣ ಬಳಿದು ಮುಗಿಸಲು ಕಲಿತನು.

ಹಾಯಿಯ ವಿಷಯದಲ್ಲಿ ನಮ್ಮ ದೇಶಕ್ಕೆ ನೇರವಾದ ಒಂದು ಸಂಬಂಧವಿದೆ. ಇಂಗ್ಲಿಷರ ಹಾಯಿಗಳು ಹಿಂದೆ ಅಗಸೆನಾರಿನವು. 1851ರಲ್ಲಿ 'ಅಮೆರಿಕಾ' ಎಂಬ ನೌಕೆಯು ಬಿಗಿಯಾದ ಹತ್ತಿಯ ಹಾಯಿ ಕಟ್ಟಿ ಬಂದು ಗೆದ್ದ ಮೇಲೆ ಅಲ್ಲಿಯೂ ಹತ್ತಿಯ ಬಟ್ಟೆ ರೂಢಿಗೆ ಬಂತು. ಹತ್ತಿಗೆ ಶತ್ರು ಬೂಷ್ಟು. ಒದ್ದೆಯಾದ ಹಾಯಿಯನ್ನು ಮಡಿಸಿಟ್ಟರೆ ಕೆಲವೇ ದಿನಗಳಲ್ಲಿ ಕರಿಯ ಚುಕ್ಕೆಗಳು ಮೂಡಿ ಬಟ್ಟೆ ಜೀರ್ಣವಾಗುತ್ತದೆ. ಪ್ರತಿಸಲವೂ ಒಣಗಿಸಲು ಆಳಿದ್ದವನ ಹಾಯಿ ಬಿಳಿದಾಗಿ ಉಳಿಯಿತು. ಆಳಿಲ್ಲದವನು ಬೆಸ್ತರನ್ನು ನೋಡಿ ತನ್ನ ಹಾಯಿಯನ್ನು ಕಾಚಿನ ಕಷಾಯದಲ್ಲಿ ಅದ್ದಿದನು. ಇದು ನಾವು ವೀಳ್ಯದೊಡನೆ ಮೆಲ್ಲುವ ಕಾಚೇ. ಕಗ್ಗಲಿಮರದ ಚೇಗನ್ನು ಕುದಿಸಿ ತೆಗೆದು ಬರ್ಮಾದಿಂದಲೂ ಭಾರತದಿಂದಲೂ ಹಡಗಿನಲ್ಲಿ ಒಯ್ಯುತ್ತಿದ್ದ ಸರಕು. ನಮ್ಮಲ್ಲಿ ತುಟಿಯನ್ನು ಕೆಂಪಾಗಿಸಿದ ವಸ್ತುವು ಅಲ್ಲಿ ಹಾಯಿಯನ್ನು ಕೆಂಗಂದು ಮಾಡಿತು. ದೂರದಿಂದಲೇ ಹಾಯಿಯ ಬಣ್ಣ ನೋಡಿ ಒಡೆಯನ ಸ್ಥಿತಿಗತಿಯನ್ನು ಅಂದಾಜು ಮಾಡಬಹುದಾಗಿದ್ದಿತು.

ಎರಡು ಮಹಾಯುದ್ಧಗಳು ಹಳೆಯ ಏರ್ಪಾಡನ್ನು ಮುರಿದುವು. ದೊಡ್ಡ ಯಾಟುಗಳನ್ನು ಸಾಕುವ ಶಕ್ತಿ ಸಿರಿವಂತರಿಗೆ ಕುಂದಿತು. ಕೋಲ್ನ್ ದಡದ ಬೆಸ್ತರಿಗೆ ಬೇಸಗೆಯ ಆ ಕೂಲಿಯೂ ಇಲ್ಲವಾಯಿತು. ಆದರೆ ಯುದ್ಧವೇ ಹೊಸ ವಸ್ತುಗಳನ್ನೂ ಕೊಟ್ಟಿತು. ವಿಮಾನ ಕಟ್ಟಲು ಬಳಸಿದ ಪದರಹಲಗೆಯೂ ನೀರಿಗೆ ಬಿಡದ ಕೃತಕ ಅಂಟೂ ದೋಣಿ ಕಟ್ಟುವವರ ಕೈಗೆ ಬಂದುವು. ಪದರಹಲಗೆಯ ದೋಣಿಗೆ ಸಂದಿಗಳೇ ಕಡಿಮೆ. ವರ್ಷವರ್ಷವೂ ನಾರು ಬಡಿಯುವ ಕೆಲಸವಿಲ್ಲ. 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಟೆರಿಲಿನ್ ನೂಲಿನ ಹಾಯಿಗಳು 1950ರ ದಶಕದಲ್ಲಿ ಹರಡಿದ ಮೇಲೆ ಬೂಷ್ಟಿನಿಂದ ಹಾಯಿ ಜೀರ್ಣವಾಗುವ ಭಯವೂ ಹೋಯಿತು, ಕಾಚಿನ ಕೊಪ್ಪರಿಗೆಯೂ ತಣ್ಣಗಾಯಿತು.

ಇದರ ಫಲವು 1963ರ ಆರಂಭದಲ್ಲಿ ಲಂಡನ್ನಿನ ದೋಣಿ ಪ್ರದರ್ಶನದಲ್ಲಿ ಕಾಣಿಸಿತು. ಅಲ್ಲಿ 'ಮಿರರ್' ಎಂಬ ದೋಣಿಯನ್ನು ಜನರ ಮುಂದಿಟ್ಟರು. ದುಡಿಯುವ ಜನರು ಓದುತ್ತಿದ್ದ 'ಡೈಲಿ ಮಿರರ್' ಪತ್ರಿಕೆಯು ಅದರ ಪೋಷಕ. ಜಾಕ್ ಹೋಲ್ಟ್ ಅದನ್ನು ರೂಪಿಸಿದವನು. ಮನೆಗೆಲಸಗಳನ್ನು ಟೆಲಿವಿಷನ್ನಿನಲ್ಲಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಅದನ್ನು ಕಟ್ಟುವ ವಿಧಾನವನ್ನು ಒದಗಿಸಿದವನು. 10 ಅಡಿ 10 ಅಂಗುಲದ ಈ ದೋಣಿಯ ಭಾಗಗಳನ್ನು 63 ಪೌಂಡು 11 ಷಿಲಿಂಗಿಗೆ ಕೊಂಡು ಯಾರು ಬೇಕಾದರೂ ಮನೆಯಲ್ಲಿಯೇ ಜೋಡಿಸಬಹುದಾಗಿದ್ದಿತು. ಹಲಗೆಗಳ ಅಂಚಿಗೆ ರಂಧ್ರ ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಒಳಗಡೆ ಗಾಜಿನ ನಾರಿನ ಪಟ್ಟಿಯನ್ನು ಕೃತಕ ರಾಳದಿಂದ ಅಂಟಿಸಿದರೆ ಒಡಲು ಸಿದ್ಧ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ದೋಣಿ ಕಟ್ಟುವ ಪದ್ಧತಿ ಬಹು ಪ್ರಾಚೀನ. ಎರಡಕ್ಕೂ ಸಂಬಂಧವಿದೆಯೆಂದು ನಾವು ವಾದಿಸುವುದಿಲ್ಲ. ನಮ್ಮಲ್ಲಿ ಹೊಲಿಗೆಯೇ ದೋಣಿಯನ್ನು ಕೊನೆಯವರೆಗೆ ಹಿಡಿದಿಡುತ್ತದೆ, ಅಲ್ಲಿ ಅದು ಅಂಟು ಒಣಗುವ ತನಕದ ಆಸರೆ. ಅಂತಹ ದೋಣಿಗಳು ಎಪ್ಪತ್ತು ಸಾವಿರಕ್ಕೂ ಮಿಕ್ಕಿ ನಿರ್ಮಾಣವಾಗಿವೆ. ಅದರ ಹಾಯಿಗೆ ಕೆಂಪು ಬಣ್ಣ ಕೊಟ್ಟರು. ಈ ಸಲ ಬೂಷ್ಟಿನ ಭಯದಿಂದಲ್ಲ. ತನ್ನ ಕೈಯಿಂದ ಕಟ್ಟಿದವನಿಗೆ ಅದನ್ನು ದುರಸ್ತಿ ಮಾಡಲು ಬೇರೊಬ್ಬನ ಹಂಗಿರಲಿಲ್ಲ. 1815ರ ಹತ್ತು ಟನ್ನಿನ ನಿಯಮವು ಮುರಿದು ಬಿದ್ದುದು ನಿಜವಾಗಿ ಇಲ್ಲಿಯೇ ಎನ್ನಬೇಕು.

ಅದೇ ಕಾಲಕ್ಕೆ ಗಾಜಿನ ನಾರಿನಿಂದಲೇ ಇಡಿಯ ಒಡಲನ್ನು ಅಚ್ಚಿನಲ್ಲಿ ಎರಕಹೊಯ್ಯುವ ವಿಧಾನವೂ ಬೆಳೆಯಿತು. ಇಂತಹ ನೌಕೆಯನ್ನು ಹುಳು ಕೊರೆಯದು, ಮಳೆ ಕೊಳೆಸದು. ಆರೈಕೆ ಸುಲಭವಾದುದರಿಂದ ಕೊಳ್ಳುವವರು ಹೆಚ್ಚಿದರು. ಕೊಂಡು ಮರೆತವರೂ ಹೆಚ್ಚಿದರು. ಮರದ ನೌಕೆಯನ್ನು ಒಡೆಯನು ಕೈಬಿಟ್ಟರೆ ಅದು ಕೆಲವು ವರ್ಷಗಳಲ್ಲಿ ಹಳ್ಳದ ಕೆಸರಿನಲ್ಲಿ ಕರಗಿಹೋಗುತ್ತಿತ್ತು. ಗಾಜಿನ ನಾರಿನದು ಕರಗುವುದಿಲ್ಲ, ಸುಡುವುದೂ ಸುಲಭವಲ್ಲ. ಯುರೋಪಿನ ಬಂದರುಗಳ ಮೂಲೆಗಳಲ್ಲಿ ಒಡೆಯರಿಲ್ಲದ ಇಂತಹ ನೌಕೆಗಳು ನಿಂತಿವೆ. ಇದಕ್ಕಾಗಿ ಫ್ರಾನ್ಸ್ ದೇಶವು 2019ರಲ್ಲಿ ಒಂದು ವ್ಯವಸ್ಥೆಯನ್ನು ಆರಂಭಿಸಿತು. ಹಳೆಯ ವಿಹಾರನೌಕೆಯನ್ನು ಒಡೆದು ವಿಲೇವಾರಿ ಮಾಡುವ ಖರ್ಚನ್ನು ಅದರಲ್ಲಿ ನೌಕೆ ತಯಾರಿಸುವವರು ಹೊರುತ್ತಾರೆ. ಅದನ್ನು ಒಡೆಯುವ ಸ್ಥಳದವರೆಗೆ ಸಾಗಿಸುವ ವೆಚ್ಚ ಮಾತ್ರ ಒಡೆಯನದು.