ಬಯಲಾಟದ ಸೀರೆ ಮತ್ತು ಠಾಣೆಯ ರಿಜಿಸ್ಟರು

ನಮ್ಮ ಗುಂಡಗುರ್ತಿಯ ಕಡೆ ಬಯಲಾಟವೆಂದರೆ ಊರಿಗೆ ಊರೇ ನೆರೆಯುತ್ತಿತ್ತು. ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. ನಾನು ಬಾಲಕನಾಗಿದ್ದಾಗ ಕಂಡ ಒಬ್ಬ ಕಲಾವಿದನು ಸೀರೆಯುಟ್ಟು ರಂಗಕ್ಕೆ ಬಂದರೆ ಹಿರಿಯರು ಮೆಚ್ಚಿ ಆಯೇರಿ ಮಾಡುತ್ತಿದ್ದರು. ಮರುದಿನ ಅದೇ ಮನುಷ್ಯ ಅದೇ ನಡಿಗೆಯಲ್ಲಿ ಸಂತೆಗೆ ಹೊರಟರೆ ಅದೇ ಹಿರಿಯರು ಹೀಯಾಳಿಸುತ್ತಿದ್ದರು.

ಈ ಇಬ್ಬಗೆ ನಮ್ಮೂರಿನದು ಮಾತ್ರವಲ್ಲ, ಕಾನೂನಿನದೂ ಆಗಿತ್ತು. ನಮ್ಮ ಭಾಗ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನವು 1919ರಲ್ಲಿ ‘ನಪುಂಸಕರ ಕಾಯ್ದೆ’ಯನ್ನು ಮಾಡಿತು. ಹಿಜಡಾಗಳ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ, ಹಾಡಿ ಕುಣಿದರೆ, ವಾರಂಟಿಲ್ಲದೆ ಬಂಧಿಸಬಹುದು. ಬ್ರಿಟಿಷರು 1860ರಲ್ಲಿ ತಂದ ದಂಡಸಂಹಿತೆಯ 377ನೆಯ ಕಲಮು ಸಲಿಂಗಿಗಳ ತಲೆಯ ಮೇಲೆ ಬೇರೆ ತೂಗುತ್ತಿತ್ತು.

ಶಿಕ್ಷಕನಾದ ಮೇಲೆ ನಾನೂ ಇದರಲ್ಲಿ ಪಾಲುದಾರನಾದೆ. ಹೆಣ್ಣುಮಕ್ಕಳೊಡನೆಯೇ ಆಡುತ್ತಿದ್ದ ಹುಡುಗನೊಬ್ಬನನ್ನು ನಿಲ್ಲಿಸಿ, “ಗಂಡಸಿನಂತೆ ನಡಿ” ಎಂದು ಬೆತ್ತದಿಂದ ಹೊಡೆದೆ. ಅವನು ಶಾಲೆ ಬಿಟ್ಟ. ಎಷ್ಟೋ ವರ್ಷಗಳ ನಂತರ ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಸೀರೆಯುಟ್ಟ ಒಬ್ಬರು ನನ್ನ ಕಾಲಿಗೆ ನಮಸ್ಕರಿಸಿದರು. ಗುರುತು ಹಿಡಿದು ನಾನು ತಡವರಿಸಿದಾಗ ನಗುತ್ತಲೇ ಹೇಳಿದರು: “ಸರ್, ಠಾಣ್ಯಾಗ ಹೊಡಿಯುವಾಗ ಪೊಲೀಸರೂ ನಿಮ್ಮ ಮಾತೇ ಅಂತಾರ್ರಿ.”

ಆ ಮಾತು ನನ್ನನ್ನು ಓದಿಗೆ ಹಚ್ಚಿತು. ಬೆಂಗಳೂರಿನಲ್ಲಿ 1999ರಲ್ಲಿ ‘ಸಂಗಮ’ ಸಂಸ್ಥೆ ಹುಟ್ಟಿತ್ತು. ಉದ್ಯಾನಗಳಲ್ಲಿ ಸಲಿಂಗಿಗಳನ್ನು ಹಿಡಿದು ಬೆದರಿಸಿ ಪೊಲೀಸರು ಹಣ ಕೀಳುತ್ತಿದ್ದುದನ್ನು ಪಿಯುಸಿಎಲ್‌ನ ಕರ್ನಾಟಕ ಘಟಕವು 2001ರ ವರದಿಯಲ್ಲಿ ದಾಖಲಿಸಿತು. 2003ರಲ್ಲಿ ಹಿಜಡಾ ಸಮುದಾಯದ ಮೇಲಿನ ಹಿಂಸೆಯನ್ನು ಕುರಿತು ಇನ್ನೊಂದು ವರದಿಯನ್ನು ತಂದಿತು. ಆದರೂ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36-ಎ ಕಲಮು ಸೇರಿ, ನಿಜಾಮರ ಕಾಲದ ಆ ರಿಜಿಸ್ಟರು ನಮ್ಮ ರಾಜ್ಯದಲ್ಲಿ ಮತ್ತೆ ತೆರೆಯಿತು. ಸಮುದಾಯದವರು ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ, 2016ರಲ್ಲಿ, ಆ ಕಲಮಿನಿಂದ ‘ನಪುಂಸಕ’ ಎಂಬರ್ಥದ ಪದವನ್ನು ತೆಗೆದರು.

ವರದಿ ತಲುಪದ ಕಡೆಗೆ ರಂಗಭೂಮಿ ತಲುಪಿತು. ‘ಸಂಗಮ’ದಲ್ಲಿ ದುಡಿದ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ‘ಜನಮನದಾಟ’ ತಂಡವು ಎಂ. ಗಣೇಶ್ ಅವರ ನಿರ್ದೇಶನದಲ್ಲಿ ಅದನ್ನು ನಾಟಕವಾಗಿ ಆಡಿತು. ತಮಿಳಿನಲ್ಲಿ ‘ವೆಳ್ಳೈ ಮೊಳಿ’ ಎಂಬ ಏಕವ್ಯಕ್ತಿ ಪ್ರಯೋಗದಲ್ಲಿ ರೇವತಿಯವರೇ ರಂಗಕ್ಕೆ ಬಂದರು. ಬಯಲಾಟದ ಕಲಾವಿದನು ಸೀರೆಯುಟ್ಟು ಪುರಾಣದ ಹೆಣ್ಣಾಗುತ್ತಿದ್ದ. ಇವರು ಸೀರೆಯುಟ್ಟು ತಾವೇ ಆದರು. ಠಾಣೆಯ ಗೋಡೆಗಳ ನಡುವೆ ನಡೆದದ್ದನ್ನು ಸಭೆಯ ಮುಂದೆ ನುಡಿಯುವುದೆಂದರೆ, ಆರೋಪಿಯ ಸ್ಥಾನದಿಂದ ಸಾಕ್ಷಿಯ ಸ್ಥಾನಕ್ಕೆ ಬಂದು ನಿಲ್ಲುವುದು. ನೋಡುಗರು ಚಪ್ಪಾಳೆ ತಟ್ಟಿ ಮರುದಿನ ಹೀಯಾಳಿಸುವಂತಿರಲಿಲ್ಲ.

ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಹೇಳಿತು. ತೆಲಂಗಾಣದಲ್ಲಿ ಉಳಿದುಕೊಂಡಿದ್ದ 1919ರ ಕಾಯ್ದೆಯನ್ನು ಅಲ್ಲಿಯ ಹೈಕೋರ್ಟು 2023ರಲ್ಲಿ ರದ್ದುಗೊಳಿಸಿತು.

ನಿಜಾಮರ ರಿಜಿಸ್ಟರು ಹೀಗೆ ಮುಚ್ಚಿತು. ನನ್ನ ಹಳೆಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರನ್ನು ನಾನೇ ಕೆಂಪು ಶಾಯಿಯಿಂದ ಹೊಡೆದುಹಾಕಿದ್ದೇನೆ. ಅದನ್ನು ಯಾವ ನ್ಯಾಯಾಲಯವೂ ತಿದ್ದಲಾರದು. ಓದುಗರಲ್ಲಿ ಶಿಕ್ಷಕರಿದ್ದರೆ, ಬೆತ್ತ ಎತ್ತುವ ಮುನ್ನ ಇದನ್ನು ನೆನೆಯಲಿ.