ಗುರು ಶಿಷ್ಯನ ಕ್ಯಾಮೆರಾ ಮುಂದೆ ನಿಂತ

1993ರಲ್ಲಿ ‘ಶ್!’ ಅಂತ ಒಂದು ಸಿನಿಮಾ ಬಂತು. ನಿರ್ದೇಶಕ ಉಪೇಂದ್ರ. ಅದರಲ್ಲಿ ನಟಿಸಿದ್ದವರು ಯಾರು ಗೊತ್ತಾ? ಅವರ ಗುರು ಕಾಶಿನಾಥ್. ತಾನು ಕೈಹಿಡಿದು ಕಲಿಸಿದ ಹುಡುಗ ‘ಆಕ್ಷನ್’ ಅಂದಾಗ ನಟಿಸಬೇಕು, ‘ಕಟ್’ ಅಂದಾಗ ನಿಲ್ಲಬೇಕು. ಎಷ್ಟು ಜನ ದೊಡ್ಡವರಿಗೆ ಸಾಧ್ಯ ಹೇಳಿ!

ಇಬ್ಬರೂ ಕುಂದಾಪುರ ಮೂಲದವರು. ಇದು ಕಾಕತಾಳೀಯ ಅಂತ ನೀವು ಹೇಳಬಹುದು. ನನಗೆ ಹಾಗನ್ನಿಸೋದಿಲ್ಲ. ಬ್ರಹ್ಮಾವರ ಪಕ್ಕದ ಹಾರಾಡಿ, ಮಟಪಾಡಿ ಎರಡೂ ಸಣ್ಣ ಊರುಗಳೇ. ಆದರೆ ಬಡಗುತಿಟ್ಟು ಯಕ್ಷಗಾನದ ಎರಡು ಶೈಲಿಗಳಿಗೆ ಅವೇ ಹೆಸರು. ಮೇಳ ಸೇರಿದ ಹುಡುಗ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ. ಹೀಗೆ ಮೆಟ್ಟಿಲು ಹತ್ತುತ್ತಾ ಎರಡನೇ ವೇಷಕ್ಕೆ ಬರಬೇಕು. ರಾತ್ರಿಯ ಪೂರ್ವರಂಗ ಇರೋದೇ ಹೊಸಬರಿಗೆ. ದೊಡ್ಡ ವೇಷಧಾರಿ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಷ್ಟರಲ್ಲಿ ಹುಡುಗರು ರಂಗಸ್ಥಳದಲ್ಲಿ ಕುಣಿದು, ತಪ್ಪಿ, ಬೈಸಿಕೊಂಡು ಕಲಿತಿರುತ್ತಾರೆ. ಕಷ್ಟ ಇತ್ತು, ಸಂಬಳ ಕಡಿಮೆ ಇತ್ತು, ಎಲ್ಲಾ ನಿಜ. ಆದರೆ ಮುಂದಿನ ಮೆಟ್ಟಿಲು ಯಾವುದು ಅಂತ ಹುಡುಗನಿಗೆ ಗೊತ್ತಿತ್ತು.

ಸಿನಿಮಾದಲ್ಲಿ ಆ ಮೆಟ್ಟಿಲೇ ಇಲ್ಲ ಮಾರಾಯ್ರೆ! ಕೋಟದ ಶಿವರಾಮ ಕಾರಂತರು ಮೂಕಿ ಚಿತ್ರಗಳ ಕಾಲದಲ್ಲೇ ‘ಡೊಮಿಂಗೊ’, ‘ಭೂತರಾಜ್ಯ’ ಮಾಡಿದರು. ಯಕ್ಷಗಾನದಲ್ಲಿ ಅವರು ಒಂದು ತಂಡವನ್ನೇ ಬೆಳೆಸಿದರು. ಸಿನಿಮಾದಲ್ಲಿ ಅವರ ಹಿಂದೆ ಒಂದು ಸಾಲು ಹುಟ್ಟಲಿಲ್ಲ.

ಕಾಶಿನಾಥ್ ಆ ಸಾಲು ಹುಟ್ಟಿಸಿದರು. ‘ಅಪರಿಚಿತ’ (1978), ‘ಅನುಭವ’ (1984) ಮಾಡಿ ಹೆಸರು ಬಂದ ಮೇಲೆ ಹೊಸ ಹುಡುಗರನ್ನು ಹತ್ತಿರ ಸೇರಿಸಿಕೊಂಡರು. ಉಪೇಂದ್ರ ಬಂದರು, ವಿ. ಮನೋಹರ್ ಬಂದರು. ‘ಅನಂತನ ಅವಾಂತರ’ದಲ್ಲಿ (1989) ಉಪೇಂದ್ರ ತೆರೆ ಮೇಲೂ ಕಾಣಿಸ್ತಾರೆ. ಮೂರೇ ವರ್ಷಕ್ಕೆ, 1992ರಲ್ಲಿ, ‘ತರ್ಲೆ ನನ್ಮಗ’ ಬಂತು. ಉಪೇಂದ್ರ ನಿರ್ದೇಶಕ, ಮನೋಹರ್ ಸಂಗೀತ ನಿರ್ದೇಶಕ, ಇಬ್ಬರಿಗೂ ಅದೇ ಮೊದಲು. 1995ರಲ್ಲಿ ‘ಓಂ’. ಆಮೇಲಿನದ್ದು ನಿಮಗೆ ಗೊತ್ತೇ ಇದೆ.

ಈಗಲೂ ಕೆಲವರು ಮಾಡ್ತಿದ್ದಾರೆ, ಇಲ್ಲ ಅನ್ನೋದಿಲ್ಲ. ರವಿ ಬಸ್ರೂರು 2014ರಲ್ಲಿ ಕುಂದಾಪ್ರ ಕನ್ನಡದಲ್ಲೇ ‘ಗರ್ಗರ್ ಮಂಡ್ಲ’ ಮಾಡಿದರು. 2019ರ ‘ಗಿರ್ಮಿಟ್’ನಲ್ಲಿ ದೊಡ್ಡವರ ಪಾತ್ರಗಳನ್ನು ಮಕ್ಕಳ ಕೈಲಿ ಮಾಡಿಸಿದರು. ಕೆರಾಡಿಯ ರಿಷಬ್ ಶೆಟ್ಟಿ, ನಟೇಶ್ ಹೆಗಡೆಯವರ ‘ಪೆದ್ರೊ’, ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ನಿರ್ಮಿಸಿದರು. ಎರಡೂ ನಿರ್ದೇಶಕರ ಮೊದಲ ಚಿತ್ರಗಳು. ‘ಶಿವಮ್ಮ’ 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ತಂತು.

ಆದರೆ ಇವೆಲ್ಲ ಒಬ್ಬೊಬ್ಬರ ದೊಡ್ಡ ಮನಸ್ಸು. ಬೈಂದೂರಿನಿಂದ ಬೆಂಗಳೂರಿಗೆ ಬಸ್ ಹತ್ತುವ ಹುಡುಗ, ಹುಡುಗಿ ಯಾರ ಮನಸ್ಸನ್ನು ನಂಬಿ ಹೋಗಬೇಕು? ‘ಕಲಿಸ್ತೀವಲ್ಲ, ಸಂಬಳ ಎಂತಕ್ಕೆ?’ ಅನ್ನೋರು ನನಗೂ ಸಿಕ್ಕಿದ್ದಾರೆ. ಎರಡು ವರ್ಷ ಕಥೆ ಬರೆಸಿಕೊಂಡು, ಟೈಟಲ್ ಕಾರ್ಡ್ ಬರುವಾಗ ಆ ಹೆಸರೇ ಮಾಯ! ಅದು ಗುರುತನ ಅಲ್ಲ ಸ್ವಾಮಿ, ಬಿಟ್ಟಿ ಚಾಕರಿ.

ಕೊಲ್ಲೂರು ಬೈಂದೂರು ತಾಲ್ಲೂಕಿನಲ್ಲೇ ಇದೆ. ಸಿನಿಮಾದವರು ಮೂಕಾಂಬಿಕೆ ಮುಂದೆ ಸ್ಕ್ರಿಪ್ಟ್ ಇಟ್ಟು ಪೂಜೆ ಮಾಡಿಸೋಕೆ ಬರ್ತಾರೆ. ಇಡಲಿ, ಸಂತೋಷ. ಅದನ್ನು ರಾತ್ರಿಯೆಲ್ಲ ಕೂತು ಬರೆದ ಹುಡುಗನ ಹೆಸರು ಅದರ ಮೊದಲ ಪುಟದಲ್ಲಿ ಇದೆಯಾ?